ಕುಂಚ ಹಿಡಿದ ಕೈಗೆ ಡಿಜಿಟಲ್ ಪೆನ್ ಕಷ್ಟವಲ್ಲ. ಫೈಲ್ ಯಾರದು ಅನ್ನೋದೇ ಪ್ರಶ್ನೆ

ಹೊಸಪೇಟೆಯಲ್ಲಿ ಯಾವ ರಸ್ತೆ ಹಿಡಿದರೂ ಕಣ್ಣಿಗೆ ಬೀಳೋದು ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಕೋಚಿಂಗ್ ಸೆಂಟರ್, ನಾಯಕರಿಗೆ ಸ್ವಾಗತ, ಎಲ್ಲದರಲ್ಲೂ ಅದೇ ನಾಲ್ಕೈದು ಫಾಂಟು, ಅದೇ ಹಳದಿ ಅಂಚು. ನಡುವೆ ಎಲ್ಲೋ ಹಳೇ ಕಿರಾಣಿ ಅಂಗಡಿಯೊಂದರ ತಗಡಿನ ಬೋರ್ಡು ಉಳಿದಿರುತ್ತದೆ. ಎನಾಮೆಲ್ ಬಣ್ಣ, ನೆರಳು ಬಿದ್ದ ಅಕ್ಷರ, ಬಲ ಮೂಲೆಯಲ್ಲಿ ಪುಟ್ಟದಾಗಿ ಯಾರದೋ 'ಆರ್ಟ್ಸ್' ಅಂತ ಸಹಿ. ಫ್ಲೆಕ್ಸ್‌ನಲ್ಲಿ ಆ ಸಹಿ ಇರೋದಿಲ್ಲ. ಕೆಳಗಡೆ ಇರೋದು ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರ್.

ಇದನ್ನು 'ಯಂತ್ರ ಬಂತು, ಕಲಾವಿದ ಹೋದ' ಅಂತ ನಿಟ್ಟುಸಿರು ಬಿಟ್ಟು ಮುಗಿಸೋದು ಸುಲಭ. ಅದಕ್ಕೆ ಎರಡು ಪರಿಹಾರವೂ ಸಿದ್ಧವಾಗಿರುತ್ತವೆ. ಒಂದು, 'ಕಲೆ ಉಳಿಸಿ' ಅನ್ನೋ ಕಾರ್ಯಕ್ರಮ. ಇನ್ನೊಂದು, 'ಅವರೂ ಕಂಪ್ಯೂಟರ್ ಕಲಿಯಲಿ' ಅನ್ನೋ ಉಪದೇಶ. ಈ ಎರಡನೆಯದನ್ನು ಗಂಭೀರವಾಗಿ ತಗೊಂಡರೆ ಏನಾಗುತ್ತೆ ಅಂತ ನೋಡೋಣ. ಬೋರ್ಡು ಬರೆಯುವವರು, ಕಸೂತಿ ಹಾಕುವವರು, ಗೊಂಬೆಗೆ ಬಣ್ಣ ಹಚ್ಚುವವರು ಡಿಜಿಟಲ್ ಚಿತ್ರಕಲೆ ಕಲಿಯಬೇಕು ಅಂದರೆ ನಿಜವಾಗಿ ಏನನ್ನು ಕಲಿಯಬೇಕು? ಅವರಿಗೆ ಈಗಾಗಲೇ ಗೊತ್ತಿರೋದು ಎಷ್ಟು? ಕಲಿತ ಮೇಲೆ ದುಡ್ಡು ಅವರ ಕೈಗೆ ಬರುತ್ತಾ?

ನನ್ನ ವಾದ ಇಷ್ಟೇ: ಕೈಗೆ ಬೇಕಾದ ಕಷ್ಟದ ಪಾಠ ಅವರಿಗೆ ಮೊದಲೇ ಆಗಿದೆ. ತಂತ್ರಾಂಶದ ಪಾಠ ಕೆಲವು ತಿಂಗಳ ಕೆಲಸ. ನಿಜವಾದ ತಡೆ ಬೇರೆ ಕಡೆ ಇದೆ. ಅದು ಫೈಲಿನ ಒಡೆತನದಲ್ಲಿ, ಕನ್ನಡ ಅಕ್ಷರ ಒಡೆಯುವ ತಂತ್ರಾಂಶದಲ್ಲಿ, ಮತ್ತು ಇವರನ್ನು ಲೆಕ್ಕಕ್ಕೇ ತಗೊಳ್ಳದ ಸರಕಾರಿ ಪಟ್ಟಿಗಳಲ್ಲಿದೆ.

ಫ್ಲೆಕ್ಸ್ ಗೆದ್ದಿದ್ದು ಚಂದದಿಂದಲ್ಲ

ಫ್ಲೆಕ್ಸ್ ಗೆದ್ದಿದ್ದಕ್ಕೆ ಕಾರಣ ಎರಡು, ವೇಗ ಮತ್ತು ನಕಲು. ಬೋರ್ಡು ಬರೆಯಲು ಎರಡು ದಿನ ಬೇಕಾದರೆ ಫ್ಲೆಕ್ಸ್‌ಗೆ ಒಂದು ಗಂಟೆ ಸಾಕು. ಒಂದೇ ವಿನ್ಯಾಸವನ್ನು ಹೊಸಪೇಟೆಯಲ್ಲಿ ಹತ್ತು, ಕಂಪ್ಲಿಯಲ್ಲಿ ಐದು, ಸಂಡೂರಿನಲ್ಲಿ ಐದು ಕಡೆ ಕಟ್ಟಬಹುದು. ಪೇಂಟರ್ ಬರೆದ ಇಪ್ಪತ್ತನೇ ಬೋರ್ಡಿಗೂ ಮೊದಲನೆಯದರಷ್ಟೇ ಶ್ರಮ ಬೇಕು. ಫ್ಲೆಕ್ಸ್‌ನಲ್ಲಿ ಇಪ್ಪತ್ತನೆಯದಕ್ಕೆ ಶಾಯಿ ಮತ್ತು ಹಾಳೆಯ ಖರ್ಚು ಮಾತ್ರ.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳೋದಾದರೆ, ಬೆಲೆ ಕೈಯಿಂದ ಫೈಲಿಗೆ ಹೋಯಿತು. ಫೈಲ್ ಯಾರ ಕಂಪ್ಯೂಟರಿನಲ್ಲಿದೆಯೋ ಮುಂದಿನ ಆರ್ಡರ್ ಅವರದ್ದು. ಕೈಯಲ್ಲಿ ಕಲೆ ಇದ್ದವರು ದಿನಗೂಲಿಗೆ ಗೋಡೆಗೆ ಸುಣ್ಣ ಹೊಡೆಯಲು ಹೋದರು.

ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೂ ನಿಷೇಧಿಸಿತು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್‌ಗಳನ್ನು ಕಿತ್ತರು. ನಮ್ಮ ಕಡೆ ನಿಷೇಧ ಹೇಗಿದೆ ಅಂತ ನಾನು ಹೇಳಬೇಕಿಲ್ಲ, ಕಿಟಕಿಯಾಚೆ ನೋಡಿದರೆ ಸಾಕು. ಇನ್ನೊಂದು ಮಾತು: ನಿಷೇಧ ನಾಳೆ ಪೂರ್ತಿ ಜಾರಿಯಾದರೂ ಕೆಲಸ ತಾನಾಗಿ ಪೇಂಟರ್ ಕೈಗೆ ವಾಪಸ್ ಬರೋದಿಲ್ಲ. ಫ್ಲೆಕ್ಸ್ ಬದಲು ಬಟ್ಟೆಯ ಮೇಲೆ ಅದೇ ಫೈಲ್ ಪ್ರಿಂಟ್ ಆಗುತ್ತದೆ, ಇಲ್ಲವೇ ಎಲ್‌ಇಡಿ ಪರದೆ ಮೇಲೆ ಓಡುತ್ತದೆ. ಹಾಳೆ ಬದಲಾಗುತ್ತದೆ, ಫೈಲ್ ಉಳಿಯುತ್ತದೆ.

ಪೇಂಟರಿಗೆ ಮೊದಲೇ ಗೊತ್ತಿರೋದು

"ಕಂಪ್ಯೂಟ್ರು ನಮ್ಮಂಥೋರ್ಗೆ ಎಲ್ಲಿ ಬರ್ತೈತೆ ತಮ್ಮಾ?" ಅಂತ ಹೊಸಪೇಟೆಯ ಹಿರಿಯ ಪೇಂಟರ್ ಒಬ್ಬರು ನನ್ನನ್ನು ಕೇಳಿದ್ದರು. "ಅಣ್ಣಾ, ನೀವು ದಿನಾ ಮಾಡೋದನ್ನೇ ಅದರಾಗೆ ಬೇರೆ ಹೆಸರಿಟ್ಟು ಕರೀತಾರೆ" ಅಂದೆ. ನಂಬಲಿಲ್ಲ. ಎಂಜಿನಿಯರಿಂಗ್ ಓದುವಾಗ ಆಟೋಕ್ಯಾಡ್ ಕಲಿತ ನನಗೆ 'ಲೇಯರ್' ಅಂದರೇನು ಅಂತ ಅರ್ಥವಾಗಲು ಒಂದು ವಾರ ಹಿಡಿದಿತ್ತು. ಅವರಿಗೆ ಐದು ನಿಮಿಷ ಸಾಕಾಯಿತು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಲೇಯರ್ ಅಂದರೆ ಪದರ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ತಗೊಳ್ಳಿ. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಸೆಣಬಿನ ಚೂರು, ಮರದ ಹೊಟ್ಟು ಬೆರೆಸಿದ 'ಕಿಟ್ಟ' ಮೆತ್ತಿ, ಅದರ ಮೇಲೆ ಬಿಳಿ ಲೇಪ, ಆಮೇಲೆ ಬಣ್ಣ, ಕೊನೆಗೆ ಒಡವೆಯ ಹೊಳಪು. ಯಾವುದು ಕೆಳಗೆ, ಯಾವುದು ಮೇಲೆ, ಯಾವುದು ಒಣಗದೆ ಮುಂದಿನದಕ್ಕೆ ಕೈ ಹಾಕಬಾರದು ಅನ್ನೋ ಶಿಸ್ತೇ ಲೇಯರ್. ಕ್ರಿಟಾ, ಫೋಟೋಶಾಪ್, ಪ್ರೊಕ್ರಿಯೇಟ್ ಯಾವುದೇ ಇರಲಿ, ಮೊದಲ ಪಾಠ ಇದೇ: ಗೆರೆ ಒಂದು ಪದರ, ಬಣ್ಣ ಇನ್ನೊಂದು, ನೆರಳು ಮತ್ತೊಂದು. ವ್ಯತ್ಯಾಸ ಇಷ್ಟೇ, ಇಲ್ಲಿ ಒಣಗಲು ಕಾಯಬೇಕಿಲ್ಲ, ಕೆಳಗಿನ ಪದರವನ್ನು ಆಮೇಲೂ ತಿದ್ದಬಹುದು. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನೂ ಬಣ್ಣ ಹಚ್ಚಿದವರೆಲ್ಲ ಕಿನ್ನಾಳದ ಚಿತ್ರಗಾರರ ಪೂರ್ವಜರೇ ಅನ್ನೋ ಮಾತು ಇದೆ.

ಆ ರಂಗಮಂಟಪದ ಛಾವಣಿಯನ್ನು ಒಮ್ಮೆ ತಲೆ ಎತ್ತಿ ನೋಡಿ. ಮಂಟಪ ಕೃಷ್ಣದೇವರಾಯನ ಕಾಲದ್ದು, 1510ರ ಶಾಸನ ಅದನ್ನು ಹೇಳುತ್ತದೆ. ಛಾವಣಿಯಲ್ಲಿ ಗಿರಿಜಾ ಕಲ್ಯಾಣ, ಶಿವನ ಮೇಲೆ ಬಾಣ ಹೂಡಿದ ಮನ್ಮಥ, ಅರ್ಜುನನ ಮತ್ಸ್ಯಯಂತ್ರ, ಪಲ್ಲಕ್ಕಿಯಲ್ಲಿ ಕೂತ ವಿದ್ಯಾರಣ್ಯರ ಮೆರವಣಿಗೆ. ಪ್ರತಿ ಕಥೆಗೂ ಒಂದೊಂದು ಚೌಕ. ಗಟ್ಟಿ ಹೊರಗೆರೆ, ಒಳಗೆ ಸಮತಟ್ಟಾದ ಬಣ್ಣ, ಎಣಿಸಿದಷ್ಟೇ ವರ್ಣಗಳು. ಇವತ್ತು ಆ್ಯಪ್‌ಗಳಲ್ಲಿ, ಸುದ್ದಿ ಸೈಟ್‌ಗಳ ಚಿತ್ರಗಳಲ್ಲಿ 'ಫ್ಲಾಟ್ ಇಲಸ್ಟ್ರೇಶನ್' ಅಂತ ಬರುವ ಶೈಲಿಗೆ ಬೇಕಾದ ಮೂಲ ಕೌಶಲ ಇದೇ: ಆಕಾರವನ್ನು ಗೆರೆಯಲ್ಲೇ ಹಿಡಿಯೋದು, ಕಡಿಮೆ ಬಣ್ಣದಲ್ಲಿ ಕಥೆ ಹೇಳೋದು.

ಬೋರ್ಡು ಬರೆಯುವವರ ಸಾಮಾನುಗಳೂ ಹಾಗೇ. ಬಣ್ಣ ಹಚ್ಚಿದ ದಾರ ಎಳೆದು ಹೊಡೆಯುವ ನೇರ ಗೆರೆಗೆ ಅಲ್ಲಿ 'ಗೈಡ್' ಅಂತಾರೆ. ಸಣ್ಣ ಫೋಟೋದ ಮೇಲೆ ಚೌಕುಳಿ ಹಾಕಿ ಗೋಡೆಯಷ್ಟು ದೊಡ್ಡದು ಮಾಡುವುದು 'ಗ್ರಿಡ್'. ಎಕ್ಸ್‌ರೇ ಹಾಳೆ ಕತ್ತರಿಸಿ ಚುನಾವಣೆ ಚಿಹ್ನೆ ಒತ್ತುವ ಸ್ಟೆನ್ಸಿಲ್‌ಗೆ ಅಲ್ಲಿ 'ಮಾಸ್ಕ್'. ಜಲವರ್ಣದಲ್ಲಿ ಒಣಗಿದ ಬಣ್ಣದ ಮೇಲೆ ತೆಳುವಾಗಿ ಇನ್ನೊಂದು ಬಣ್ಣ ಹರಿಸಿದಾಗ ಕೆಳಗಿನದು ಕಾಣುತ್ತಲೇ ಗಾಢವಾಗುತ್ತದಲ್ಲ, ಅದು 'ಮಲ್ಟಿಪ್ಲೈ'. ಕುಂಚ ಒತ್ತಿದರೆ ದಪ್ಪ, ಎತ್ತಿದರೆ ಸಣ್ಣ ಅನ್ನೋದು 'ಪೆನ್ ಪ್ರೆಶರ್'. ಮೌಸ್ ಹಿಡಿದು ಬೆಳೆದ ಹುಡುಗರಿಗೆ ಬಾರದ ಈ ಕೊನೆಯ ವಿದ್ಯೆ ಕುಂಚದವರಿಗೆ ನರದಲ್ಲೇ ಇರುತ್ತದೆ.

ಹೊಸದಾಗಿ ಕಲಿಯಬೇಕಾದ್ದು

ಹಾಗಂತ ಎಲ್ಲವೂ ಸಲೀಸು ಅಂತ ಸುಳ್ಳು ಹೇಳೋದು ಬೇಡ. ನಾಲ್ಕು ವಿಷಯ ನಿಜಕ್ಕೂ ಹೊಸವು.

ಒಂದು, ಕಣ್ಣು ಮತ್ತು ಕೈಯ ಅಗಲಿಕೆ. ಕಡಿಮೆ ಬೆಲೆಯ ಪೆನ್ ಟ್ಯಾಬ್ಲೆಟ್‌ಗಳಲ್ಲಿ ಪರದೆ ಇರೋದಿಲ್ಲ. ಕೈ ಮೇಜಿನ ಮೇಲೆ ಬರೆಯುತ್ತದೆ, ಗೆರೆ ಎದುರಿನ ಮಾನಿಟರಿನಲ್ಲಿ ಮೂಡುತ್ತದೆ. ಮೂವತ್ತು ವರ್ಷ ಕುಂಚದ ತುದಿ ನೋಡಿಯೇ ಬರೆದವರಿಗೆ ಇದು ತಲೆ ತಿರುಗಿಸುತ್ತದೆ. ಇದಕ್ಕೆ ಅಭ್ಯಾಸ ಬಿಟ್ಟರೆ ದಾರಿಯಿಲ್ಲ. ದಿನಾ ಅರ್ಧ ಗಂಟೆ ವೃತ್ತ, ನೇರ ಗೆರೆ, ಕನ್ನಡದ 'ಅ'ದಿಂದ 'ಳ'ವರೆಗೆ ಬರೆಯುತ್ತಾ ಹೋದರೆ ಕೈ ಒಗ್ಗುತ್ತದೆ. ಪೆನ್ ಗಾಜಿನ ಮೇಲೋ ಪ್ಲಾಸ್ಟಿಕ್ ಮೇಲೋ ಜಾರುವುದರಿಂದ ಗೆರೆ ನಡುಗುತ್ತದೆ. ಅದಕ್ಕೆ ಕ್ರಿಟಾದಂಥ ತಂತ್ರಾಂಶದಲ್ಲಿ 'ಸ್ಟೆಬಿಲೈಸರ್' ಇದೆ. ಸ್ವಲ್ಪವೇ ಬಳಸಿದರೆ ಒಳ್ಳೇದು. ಜಾಸ್ತಿ ಮಾಡಿದರೆ ಎಲ್ಲರ ಗೆರೆಯೂ ಒಂದೇ ಥರ ಆಗುತ್ತದೆ.

ಎರಡು, ಅಳತೆ. ಗೋಡೆಯಲ್ಲಿ ಅಳತೆ ಅಂದರೆ ಅಡಿ, ಇಂಚು. ಇಲ್ಲಿ ಅದರ ಜೊತೆಗೆ ಪಿಕ್ಸೆಲ್ ಬರುತ್ತದೆ. ಕೈಯಲ್ಲಿ ಹಿಡಿದು ನೋಡುವ 12×18 ಇಂಚಿನ ಪೋಸ್ಟರ್ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಇರಬೇಕು. ದೂರದಿಂದ ನೋಡುವ 10×6 ಅಡಿ ಬ್ಯಾನರ್‌ಗೆ ಇಂಚಿಗೆ 72 ಸಾಕು, ಅಂದರೆ 8640×5184. ವಾಟ್ಸಾಪ್‌ನಲ್ಲಿ ಬಂದ ಫೋಟೋವನ್ನು ಬ್ಯಾನರ್ ಮಾಡಿದಾಗ ನಾಯಕರ ಮುಖ ಚೌಕ ಚೌಕವಾಗಿ ಕಾಣೋದು ಇದಕ್ಕೇ. ಲೇಖನ ಓದಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ, ದೊಡ್ಡ ಅಳತೆಯಲ್ಲಿ ಶುರು ಮಾಡಿ ಸಣ್ಣದು ಮಾಡಬಹುದು, ತಿರುಗಾ ಮಾಡಲು ಆಗೋದಿಲ್ಲ.

ಮೂರು, ರಾಸ್ಟರ್ ಮತ್ತು ವೆಕ್ಟರ್. ಮೊದಲನೆಯದು ಚುಕ್ಕಿಗಳ ಚಿತ್ರ, ರಂಗೋಲಿ ಪುಡಿಯ ಹಾಗೆ. ಎರಡನೆಯದು ಗೆರೆಯ ಲೆಕ್ಕವನ್ನೇ ಇಟ್ಟುಕೊಂಡ ಚಿತ್ರ, ಹಾಗಾಗಿ ಬೆಂಕಿಪೊಟ್ಟಣದ ಮೇಲೂ, ನೀರಿನ ಟ್ಯಾಂಕ್ ಮೇಲೂ ಅಷ್ಟೇ ಚೂಪಾಗಿ ಬರುತ್ತದೆ. ಅಕ್ಷರ, ಲಾಂಛನ, ಬಾರ್ಡರ್ ವೆಕ್ಟರ್‌ನಲ್ಲಿ. ಬಣ್ಣ ಕಲಸಿದ ಚಿತ್ರ ರಾಸ್ಟರ್‌ನಲ್ಲಿ.

ನಾಲ್ಕು, ಬಣ್ಣ. ಪರದೆಯ ಬಣ್ಣ ಬೆಳಕಿನಿಂದ ಆಗುತ್ತದೆ, ಪ್ರಿಂಟಿನ ಬಣ್ಣ ಶಾಯಿಯಿಂದ. ಪರದೆ ಮೇಲೆ ಉರಿಯುವ ಹಸಿರು, ಕಿತ್ತಳೆ ಕಾಗದದ ಮೇಲೆ ಮಂಕಾಗುತ್ತದೆ. ಇಲ್ಲಿ ಹಳಬರಿಗೆ ಒಂದು ಅನುಕೂಲ ಇದೆ. ಡಬ್ಬಿಯಲ್ಲಿ ಕಂಡ ಬಣ್ಣವೇ ಗೋಡೆ ಮೇಲೆ ಬರೋದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಟ್ಯಾಬ್ಲೆಟ್ ಕೊಳ್ಳದೆಯೇ ಶುರು ಮಾಡುವ ದಾರಿಯೂ ಇದೆ. ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಕುಂಚದಿಂದಲೇ ಬರೆಯಿರಿ. ಹಗಲು ಬೆಳಕಲ್ಲಿ ನೆರಳು ಬೀಳದಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಂಕ್‌ಸ್ಕೇಪ್ ಅನ್ನೋ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು 'ಟ್ರೇಸ್ ಬಿಟ್‌ಮ್ಯಾಪ್' ಒತ್ತಿದರೆ ಕುಂಚದ ಬರಹ ವೆಕ್ಟರ್ ಆಗುತ್ತದೆ. ಕೈ ಅದೇ, ಗೆರೆ ಅದೇ, ಕುಂಚದ ಒರಟು ಅಂಚೂ ಅದೇ. ಈಗ ಅದು ನಿಮ್ಮ ಫೈಲ್.

ಖರ್ಚಿನ ವಿಷಯಕ್ಕೂ ಇದೇ ಉತ್ತರ. ಅಡೋಬಿ 2013ರಿಂದ ಹೊಸ ಫೋಟೋಶಾಪ್ ಅನ್ನು ಒಂದೇ ಸಲ ಮಾರೋದು ಬಿಟ್ಟು ಚಂದಾ ವ್ಯವಸ್ಥೆಗೆ ಹೋಯಿತು. ಬಾಡಿಗೆ ಕಟ್ಟೋದು ನಿಲ್ಲಿಸಿದರೆ ಕುಂಚ ವಾಪಸ್ ಕೊಡಬೇಕು ಅನ್ನೋ ಹಾಗೆ. ಪ್ರೊಕ್ರಿಯೇಟ್‌ಗೆ ಒಂದೇ ಸಲ ದುಡ್ಡು ಕೊಟ್ಟರೆ ಆಯಿತು, ಆದರೆ ಅದಕ್ಕೆ ಐಪ್ಯಾಡ್ ಬೇಕು. ಕ್ರಿಟಾ, ಇಂಕ್‌ಸ್ಕೇಪ್, ಗಿಂಪ್ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ.

ಒತ್ತಕ್ಷರ ಒಡೆದರೆ ಪೇಂಟರಿಗೆ ನಗು ಬರುತ್ತೆ

ನಮ್ಮ ಊರಿನ ಪೇಂಟರ್‌ಗಳ ಅಸಲಿ ಆಸ್ತಿ ಕನ್ನಡ ಅಕ್ಷರ. 'ಶ್ರೀ' ಬರೆಯುವಾಗ ಕೆಳಗಿನ ಸುಳಿಗೆ ಎಷ್ಟು ಜಾಗ ಬಿಡಬೇಕು, 'ಸ್ವಾಗತ'ದ ವ-ಒತ್ತು ಮುಂದಿನ ಸಾಲಿಗೆ ತಾಗದ ಹಾಗೆ ಹೇಗೆ ಮಡಚಬೇಕು ಅಂತ ಅವರ ಕೈಗೆ ಗೊತ್ತು. ತಂತ್ರಾಂಶಕ್ಕೆ ಗೊತ್ತಿರಲಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೂ ಡಿಟಿಪಿ ಅಂಗಡಿಗಳು ಬಹುಕಾಲ ಬಳಸಿದ್ದು, ಇಂದಿಗೂ ಎಷ್ಟೋ ಕಡೆ ಬಳಸೋದು, ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ಗಳನ್ನು. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು. ಫೋಟೋಶಾಪಿನಲ್ಲಿ ಪಠ್ಯದ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಬಿಡಿ ಬಿಡಿಯಾಗಿ ಬೀಳುತ್ತವೆ. ಊರ ತುಂಬ ಫ್ಲೆಕ್ಸ್‌ಗಳಲ್ಲಿ ಕಾಣುವ ಮುರಿದ ಕನ್ನಡಕ್ಕೆ ಭಾಷಾಭಿಮಾನದ ಕೊರತೆಗಿಂತ ಈ ತಾಂತ್ರಿಕ ಕಾರಣವೇ ಹೆಚ್ಚು.

ಇಲ್ಲೇ ಅವಕಾಶವೂ ಇರೋದು. ಗೂಗಲ್ ಫಾಂಟ್ಸ್‌ನಲ್ಲಿ 'ಬಾಲೂ ತಮ್ಮ', 'ಅಕಾಯ ಕನ್ನಡಕ'ದಂಥ ಒಳ್ಳೆಯ ಉಚಿತ ಕನ್ನಡ ಫಾಂಟ್‌ಗಳು ಬಂದಿವೆ. ಆದರೆ ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಶೀರ್ಷಿಕೆಗೆ ಒಪ್ಪುವ ಅಕ್ಷರ ವೈವಿಧ್ಯ ಬಹಳ ಕಡಿಮೆ. ಆ ವೈವಿಧ್ಯ ಇರೋದು ತಗಡಿನ ಬೋರ್ಡುಗಳ ಮೇಲೆ, ಕಂಪ್ಲಿ ಕಡೆಯ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ. 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ 'ಹ್ಯಾಂಡ್‌ಪೇಂಟೆಡ್‌ಟೈಪ್' ಅನ್ನೋ ಯೋಜನೆಯಲ್ಲಿ ಉತ್ತರ ಭಾರತದ ಬೋರ್ಡ್ ಪೇಂಟರ್‌ಗಳ ಬರಹವನ್ನು ಫಾಂಟ್ ಮಾಡಿ, ಅದಕ್ಕೆ ಆ ಪೇಂಟರ್‌ಗಳ ಹೆಸರನ್ನೇ ಇಟ್ಟರು. ಮಾರಾಟದ ಹಣದಲ್ಲಿ ಅವರಿಗೂ ಪಾಲು ಅನ್ನೋದು ಆ ಯೋಜನೆಯ ಲೆಕ್ಕ. ತಗಡಿನ ಮೂಲೆಯ ಸಹಿ ಫೈಲಿನ ಹೆಸರಾಯಿತು. ಹೊಸಪೇಟೆಯ ಕೈಗೂ ಇದು ಆಗದ ಕೆಲಸವೇನಲ್ಲ.

ಸಂಡೂರಿನ ಸೂಜಿ ಮತ್ತು ಜಿಐ ಅನ್ನೋ ಅರ್ಧ ಬೇಲಿ

ಎಲ್ಲ ಕಲೆಯೂ ಪರದೆಗೆ ಬರೋದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕಿಲನ್, ವೇಲೆ, ಬಕ್ಕ್ಯಾ, ಮಕಿ, ಪೋಟೆ, ನಕ್ರಾ ಹೀಗೆ ಹದಿನಾಲ್ಕು ಬಗೆಯ ಹೊಲಿಗೆಗಳಿವೆ. ಕನ್ನಡಿ, ಕವಡೆ, ನಾಣ್ಯ ಕೂಡುತ್ತವೆ. ದಾರದ ದಪ್ಪ, ಬೆರಳಿನ ಬಿಗಿ ಯಾವ ತಂತ್ರಾಂಶಕ್ಕೂ ಸಿಗೋದಿಲ್ಲ. ಆದರೆ ಹೊಲಿಗೆಗೆ ಮುಂಚಿನ ಕೆಲಸ ಸಿಗುತ್ತದೆ. ಒಂದು ಚೌಕದ ವಿನ್ಯಾಸವನ್ನು ಕನ್ನಡಿಯ ಹಾಗೆ ತಿರುಗಿಸಿ ನೋಡೋದು, ಸಾಲು ಸಾಲಾಗಿ ಹರಡಿದರೆ ಕೂಡು ಎಲ್ಲಿ ತಪ್ಪುತ್ತೆ ಅಂತ ಪರೀಕ್ಷಿಸೋದು, ಒಂದೇ ಮಾದರಿಯನ್ನು ಐದು ಬಣ್ಣದಲ್ಲಿ ಗಿರಾಕಿಗೆ ತೋರಿಸೋದು. ಕ್ರಿಟಾದಲ್ಲಿ ಸಮ್ಮಿತಿಯ ಕುಂಚವೂ ಇದೆ, ಅಂಚು ಅಂಚಿಗೆ ಕೂಡುವ 'ರ್‍ಯಾಪ್‌ಅರೌಂಡ್' ವ್ಯವಸ್ಥೆಯೂ ಇದೆ. ಬಟ್ಟೆ, ದಾರ ಹಾಳಾಗದೆ ಪ್ರಯೋಗ ಮಾಡಬಹುದು.

ಸಂಡೂರು ಕುಶಲ ಕಲಾ ಕೇಂದ್ರ ದಶಕಗಳಿಂದ ಈ ಕಸೂತಿಯನ್ನು ಮಾರುಕಟ್ಟೆಗೆ ತಂದಿದೆ. 2010ರಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಫೋಟೋಗಳು ದೇಶವೆಲ್ಲ ಓಡಾಡಿದವು.

ಈಗ ಎಂಜಿನಿಯರನ ಪ್ರಶ್ನೆ: ಆ ಫೋಟೋದಿಂದ ಯಾರಾದರೂ ಮಾದರಿಯನ್ನು ಟ್ರೇಸ್ ಮಾಡಿ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿ 'ಟ್ರೈಬಲ್ ಪ್ರಿಂಟ್ ಕುರ್ತಾ' ಅಂತ ಆನ್‌ಲೈನಿನಲ್ಲಿ ಮಾರಿದರೆ ಜಿಐ ತಡೆಯುತ್ತಾ? ಬಹುಮಟ್ಟಿಗೆ ಇಲ್ಲ. ಜಿಐ ಕಾಯುವುದು ಹೆಸರನ್ನು. 'ಸಂಡೂರು ಲಂಬಾಣಿ ಕಸೂತಿ' ಅಂತ ಕರೆದು ಬೇರೆ ಸರಕು ಮಾರಿದರೆ ಅದು ತಪ್ಪು. ಹೆಸರು ಹೇಳದೆ ರೂಪ ಮಾತ್ರ ಎತ್ತಿದರೆ ಕಾನೂನಿನ ಕೈ ಅಷ್ಟಾಗಿ ಚಾಚೋದಿಲ್ಲ.

2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಕೊಲ್ಹಾಪುರಿಯಂಥ ಚಪ್ಪಲಿ ಹಾಕಿಸಿ ಮೆರವಣಿಗೆ ಮಾಡಿಸಿದಾಗ ಇದೇ ಕಂಡಿದ್ದು. ಕೊಲ್ಹಾಪುರಿ ಚಪ್ಪಲಿಯ ಜಿಐ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ಮೊದಲು ಹೆಸರೇ ಹೇಳದ ಕಂಪನಿ, ಗಲಾಟೆಯಾದ ಮೇಲೆ ಭಾರತದ ಚಪ್ಪಲಿಯಿಂದ ಪ್ರೇರಣೆ ಅಂತ ಒಪ್ಪಿಕೊಂಡಿತು. ಒಪ್ಪಿಸಿದ್ದು ಕೋರ್ಟಿಗಿಂತ ಹೆಚ್ಚಾಗಿ ಜನರ ಗಲಾಟೆ.

ಕಸೂತಿಯ ಹೆಣ್ಣುಮಕ್ಕಳೇ ತಮ್ಮ ಮಾದರಿಗಳ ಡಿಜಿಟಲ್ ಭಂಡಾರವನ್ನು ತಾವೇ ಮಾಡಿ, ದಿನಾಂಕ ಹಾಕಿ, ಯಾರ ಕೈ ಅಂತ ಬರೆದು ಇಟ್ಟುಕೊಂಡರೆ ಜಗಳಕ್ಕೆ ಸಾಕ್ಷಿಯಾದರೂ ಇರುತ್ತದೆ. ಆ ಮಾದರಿಯನ್ನು ಯಾರಿಗೆ, ಎಷ್ಟಕ್ಕೆ ಕೊಡಬೇಕು ಅಂತ ತೀರ್ಮಾನಿಸುವ ಶಕ್ತಿಯೂ ಇರುತ್ತದೆ. ಡಿಜಿಟಲ್ ಕಲಿಕೆಯನ್ನು ನಾನು ರಾಜಕೀಯ ಅನ್ನೋದು ಇದಕ್ಕೇ.

ಕಾನೂನಿನ ಸಣ್ಣ ಅಕ್ಷರ

ಚಿತ್ರ ಬರೆದವರೇ ಅದರ ಮಾಲೀಕರು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿ. ಮೊದಲ ಸಾಲು ಹಾಗೇ ಹೇಳುತ್ತದೆ. ಆಮೇಲೆ 'ಆದರೆ'ಗಳು ಶುರುವಾಗುತ್ತವೆ. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರ, ಭಾವಚಿತ್ರದ ಮೊದಲ ಹಕ್ಕು ಬರೆಸಿಕೊಂಡವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ನೌಕರಿಯಲ್ಲಿದ್ದು ಮಾಡಿದ್ದು ಮಾಲೀಕರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಸರಕಾರಕ್ಕಾಗಿ ಅದರ ನಿರ್ದೇಶನದಲ್ಲಿ ಮಾಡಿದ್ದು ಸರಕಾರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ.

ಮೂರೂ ಕಡೆ ಬಾಗಿಲು ತೆರೆಯೋದು ಒಂದೇ ಕೀಲಿಗೆ: ಬರೆದಿಟ್ಟ ಒಪ್ಪಂದ. ಅದು ವಕೀಲರ ಇಪ್ಪತ್ತು ಪುಟ ಆಗಬೇಕಿಲ್ಲ. 'ಈ ಚಿತ್ರವನ್ನು ಇಂಥ ಪೋಸ್ಟರ್‌ಗೆ, ಇಷ್ಟು ದಿನ, ಇಷ್ಟು ಪ್ರತಿಗೆ ಬಳಸಬಹುದು. ಹಕ್ಕು ಕಲಾವಿದರದ್ದು' ಅಂತ ಎರಡು ಸಾಲು, ಎರಡು ಸಹಿ. ಹಕ್ಕು ಬರೆದುಕೊಡೋದಾದರೂ ಅದು ಲಿಖಿತವಾಗಿರಬೇಕು, ಎಷ್ಟು ವರ್ಷ ಅಂತ ಹೇಳದಿದ್ದರೆ ಐದೇ ವರ್ಷ ಅಂತ 19ನೇ ಸೆಕ್ಷನ್ ಹೇಳುತ್ತದೆ. 57ನೇ ಸೆಕ್ಷನ್ ಇನ್ನೂ ಮುಖ್ಯ. ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಅಂತ ಹೇಳಿಕೊಳ್ಳುವ ಅಧಿಕಾರ ಕಲಾವಿದರ ಬಳಿಯೇ ಉಳಿಯುತ್ತದೆ. ಬೋರ್ಡಿನ ಮೂಲೆಯ ಆ ಸಹಿಗೆ ಕಾನೂನಿನ ಬೆಂಬಲ ಇದೆ.

ಡಿಜಿಟಲ್‌ನಲ್ಲಿ ಇದಕ್ಕೆ ಒಂದು ಪ್ರಾಯೋಗಿಕ ನಿಯಮ: ಪದರ ಪದರವಾಗಿರುವ ಮೂಲ ಫೈಲ್ ನಿಮ್ಮ ಬಳಿ ಇರಲಿ, ಗಿರಾಕಿಗೆ ಪ್ರಿಂಟಿಗೆ ಬೇಕಾದ ಪಿಡಿಎಫ್ ಮಾತ್ರ ಕೊಡಿ. ಮೂಲ ಫೈಲೇ ಬೇಕು ಅಂದರೆ ಅದರ ರೇಟು ಬೇರೆ. ಇಂಟರ್‌ನೆಟ್ಟಿಗೆ ಹಾಕುವಾಗ ಸಣ್ಣ ಅಳತೆಯದ್ದನ್ನೇ ಹಾಕಿ. ಎಐ ಚಿತ್ರ ಯಂತ್ರಗಳು ಜಾಲತಾಣದ ಚಿತ್ರಗಳನ್ನು ಬಾಚಿ ಕಲಿಯುತ್ತಿರುವ ಕಾಲದಲ್ಲಿ ಇದು ಪೂರ್ತಿ ರಕ್ಷಣೆ ಅಲ್ಲ, ಆದರೆ ಬಾಗಿಲು ತೆರೆದಿಟ್ಟು ಮಲಗೋದಕ್ಕಿಂತ ಮೇಲು.

ಪಟ್ಟಿಯಲ್ಲಿ ಇಲ್ಲದವರು

ಈಗ ಸರಕಾರದ ಲೆಕ್ಕಕ್ಕೆ ಬರೋಣ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿವರೆಗೆ ಉಪಕರಣಕ್ಕೆ ನೆರವು, ಕಡಿಮೆ ಬಡ್ಡಿಯ ಸಾಲ. 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ದರ್ಜಿ, ಗೊಂಬೆ ಮಾಡುವವರು, ಕ್ಷೌರಿಕರು ಇದ್ದಾರೆ. ಬೋರ್ಡು ಬರೆಯುವ ಪೇಂಟರ್ ಇಲ್ಲ. ಕಸೂತಿಗೆ ಪ್ರತ್ಯೇಕ ಸ್ಥಾನ ಇಲ್ಲ. ಆ 15,000ದಲ್ಲಿ ಒಂದು ಪೆನ್ ಟ್ಯಾಬ್ಲೆಟ್ ಬಂದು, ಹಳೇ ಕಂಪ್ಯೂಟರಿಗೂ ಒಂದಷ್ಟು ಉಳಿಯುತ್ತಿತ್ತು ಅಂತ ಯೋಚಿಸಿ. ಚುನಾವಣೆ ಬಂದಾಗ ಎಲ್ಲ ಪಕ್ಷಕ್ಕೂ ಗೋಡೆ ಬರೆದುಕೊಟ್ಟ ಕಸುಬೇ ಯಾವ ಪಕ್ಷದ ಕಣ್ಣಿಗೂ ಬಿದ್ದಿಲ್ಲ.

ದುಡ್ಡಿಲ್ಲ ಅನ್ನೋ ಮಾತನ್ನು ಈ ಭಾಗದಲ್ಲಿ ಮಾತ್ರ ಹೇಳಬಾರದು. ಸಂಡೂರಿನ ಅದಿರು ಹೋದ ದಾರಿಯಲ್ಲಿ ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಹುಟ್ಟಿದ್ದು. ಅದರ ಆದ್ಯತೆಯ ವಲಯಗಳಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಕೌಶಲ ಅಭಿವೃದ್ಧಿಯೂ ಇದೆ. ಕೌಶಲ ಅಂದಾಕ್ಷಣ ನಮ್ಮ ಅಧಿಕಾರಿಗಳಿಗೆ ಹೊಲಿಗೆ ಯಂತ್ರ ಮತ್ತು ಡ್ರೈವಿಂಗ್ ಮಾತ್ರ ನೆನಪಾಗುತ್ತದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲಿ ಒಂದೊಂದು ಕೋಣೆ, ಹತ್ತು ಕಂಪ್ಯೂಟರ್, ಹತ್ತು ಪೆನ್ ಟ್ಯಾಬ್ಲೆಟ್, ಉಚಿತ ತಂತ್ರಾಂಶ, ಪಾಠ ಕನ್ನಡದಲ್ಲಿ, ಹೊತ್ತು ಸಂಜೆ, ಯಾಕೆಂದರೆ ಹಗಲು ಕೂಲಿ ಬಿಡಲಾಗೋದಿಲ್ಲ. ತಂತ್ರಾಂಶ ಗೊತ್ತಿರುವ ಹುಡುಗರು ಅದನ್ನು ಕಲಿಸಲಿ, ಪೇಂಟರ್‌ಗಳು ಆ ಹುಡುಗರಿಗೆ ಅಕ್ಷರ ಕಲಿಸಲಿ. ಹಂಪಿ ಉತ್ಸವದ ವೇದಿಕೆ, ಸ್ವಾಗತ ಕಮಾನು, ಪೋಸ್ಟರ್‌ಗಳ ವಿನ್ಯಾಸದಲ್ಲಿ ಇಷ್ಟು ಪಾಲು ಸ್ಥಳೀಯ ಕಲಾವಿದರಿಗೆ, ಅದೂ ಹೆಸರು ಹಾಕಿ, ಲಿಖಿತ ಒಪ್ಪಂದದೊಂದಿಗೆ ಅಂತ ಟೆಂಡರಿನಲ್ಲೇ ಬರೆಯಲಿ. ಎರಡು ಸಾಲಿನ ಆ ಒಪ್ಪಂದದ ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ.

ಸರಕಾರ ಮಾಡುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ, ಅದು ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೇ ಇದೆ. ನಿಮ್ಮಲ್ಲಿ ಬಹಳ ಜನ ಯಾವುದಾದರೂ ವಿದ್ಯಾರ್ಥಿ ಸಂಘಟನೆಯಲ್ಲೋ, ರೈತ, ದಲಿತ, ಮಹಿಳಾ ಸಂಘಟನೆಯಲ್ಲೋ, ಪಕ್ಷದಲ್ಲೋ ಇರುತ್ತೀರಿ. ಮುಂದಿನ ಸಮಾವೇಶದ ಪೋಸ್ಟರ್ ಬೇಕಾದಾಗ ಯಾರದೋ ಟೆಂಪ್ಲೇಟ್ ಇಳಿಸಿಕೊಳ್ಳುವ ಬದಲು ಊರಿನ ಪೇಂಟರ್ ಹತ್ತಿರ ಹೋಗಿ. ಘೋಷಣೆಯನ್ನು ಕಾಗದದ ಮೇಲೆ ಕುಂಚದಲ್ಲಿ ಬರೆಸಿ. ಫೋಟೋ ತೆಗೆದು ಟ್ರೇಸ್ ಮಾಡೋದನ್ನು ಅವರ ಪಕ್ಕದಲ್ಲೇ ಕೂತು ಮಾಡಿ, ಎರಡನೇ ಸಲ ಅವರ ಕೈಗೇ ಕೊಡಿ. ಪೋಸ್ಟರಿನ ಮೂಲೆಯಲ್ಲಿ ಅವರ ಹೆಸರು ಹಾಕಿ. ಮೂಲ ಫೈಲನ್ನು ಅವರ ಪೆನ್‌ಡ್ರೈವಿಗೆ ಹಾಕಿಕೊಟ್ಟು, ನಿಮ್ಮ ಬಳಕೆಗೆ ಎಷ್ಟು ಅಂತ ಕೇಳಿ, ಅಷ್ಟು ಕೊಟ್ಟು ಬನ್ನಿ.